ಟೇಬಲ್ ಮೇಲಿಟ್ಟ ಚಿಪ್ಸ್ ಮಾಯವಾದರೆ ಕ್ಯಾಮೆರಾ ಕಾಪಾಡುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಹುಬ್ಬಳ್ಳಿಯಿಂದ ನಾಲ್ಕು ಜನ ಗೆಳೆಯರು ಗೋವಾಕ್ಕೆ ಹೊರಟಿದ್ದೇವೆ. ಕ್ಯಾಸಿನೋ ನೋಡೋದು ಇದೇ ಮೊದಲು. ಟೇಬಲ್ ಮೇಲಿಟ್ಟ ಚಿಪ್ಸನ್ನು (ದುಡ್ಡಿನ ಬದಲು ಆಟಕ್ಕೆ ಕೊಡುವ ಬಿಲ್ಲೆಗಳನ್ನು) ಪಕ್ಕದವರೇ ಎತ್ತಿಬಿಡುತ್ತಾರೆ ಅಂತ ಒಬ್ಬರು ಹೆದರಿಸಿದ್ದಾರೆ. ಅಷ್ಟೊಂದು ಕ್ಯಾಮೆರಾ ಇರುವಾಗ ಅದು ಹೇಗೆ ಸಾಧ್ಯ ಸರ್?

ಸಾಧ್ಯ. ದಿನಾ ನಡೆಯುತ್ತೆ ಅಂತಲ್ಲ, ಆದರೆ ನಡೆಯುತ್ತೆ.

ಕ್ಯಾಮೆರಾ ವಿಷಯ ಮೊದಲು ಹೇಳಿಬಿಡುತ್ತೇನೆ. ಆಟ ನಡೆಸುವ ಕ್ಯಾಸಿನೋದವರನ್ನು ಡೀಲರ್ ಅನ್ನುತ್ತಾರೆ. ಟೇಬಲ್ ಬಿಟ್ಟು ಹೋಗುವ ಡೀಲರ್ ಎರಡೂ ಕೈ ತಟ್ಟಿ, ಅಂಗೈ ಮೇಲೆ ಕೆಳಗೆ ತಿರುಗಿಸಿ ತೋರಿಸುವುದನ್ನು ನೀವು ನೋಡುತ್ತೀರಿ. ಅದು ನಿಮಗೆ ಹೇಳುವ ಟಾಟಾ ಅಲ್ಲ. ಕೈಯಲ್ಲಿ ಒಂದು ಚಿಪ್ಪೂ ಇಲ್ಲ ಅಂತ ಮೇಲಿರುವ ಕ್ಯಾಮೆರಾಗೆ ತೋರಿಸೋದು. ನೀವು ನೋಟು ಚಾಚಿದರೆ ಅವರು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ, ಟೇಬಲ್ ಮೇಲೆ ಇಡಿ ಅನ್ನುತ್ತಾರೆ, ಆಮೇಲೆ ಒಂದೊಂದಾಗಿ ಹರಡಿ ಎಣಿಸುತ್ತಾರೆ. ಈ ಶಿಸ್ತೆಲ್ಲ ಕ್ಯಾಸಿನೋ ದುಡ್ಡು ಕಾಯಲಿಕ್ಕೆ. ನಿಮ್ಮ ಮುಂದಿರುವ ಚಿಪ್ಸ್ ಕೂಡ ಕ್ಯಾಮೆರಾದಲ್ಲಿ ಬೀಳುತ್ತೆ, ಆದರೆ ಅದನ್ನೇ ನೋಡುತ್ತಾ ಮೇಲೆ ಯಾರೂ ಕೂತಿರುವುದಿಲ್ಲ. ಕಳ್ಳತನ ಆದಮೇಲೆ ತಿರುಗಿಸಿ ನೋಡಬಹುದು, ಅಷ್ಟೇ. ಅದಕ್ಕೂ ಎಷ್ಟು ಹೋಯಿತು, ಯಾವಾಗ ಹೋಯಿತು ಅಂತ ನೀವೇ ಹೇಳಬೇಕು. "ಜಾಸ್ತಿ ಇತ್ತು ಅನ್ಸುತ್ತೆ" ಅಂದರೆ ಅವರಾದರೂ ಏನಂತ ಹುಡುಕುತ್ತಾರೆ?

ಹಾಗಾಗಿ ನಿಮ್ಮ ಮುಂದೆ ಎಷ್ಟಿದೆ ಅನ್ನೋದು ಯಾವಾಗಲೂ ನಿಮಗೆ ಗೊತ್ತಿರಬೇಕು. ಸಂತೆಯಲ್ಲಿ ಟೊಮೆಟೊ ಸುರಿದ ಹಾಗೆ ಗುಡ್ಡೆ ಹಾಕಿಕೊಂಡರೆ ಅದರಿಂದ ಎರಡು ಹೋದರೆ ನಿಮಗೆ ಗೊತ್ತೇ ಆಗಲ್ಲ. ಐದೈದು ಚಿಪ್ಪಿನ ಅಟ್ಟಿ ಮಾಡಿ, ಎಲ್ಲಾ ಒಂದೇ ಎತ್ತರ. ಒಂದು ಕುಗ್ಗಿದರೆ ಕಣ್ಣಿಗೆ ತಾನಾಗಿ ಕಾಣುತ್ತೆ, ಎಣಿಸೋದೂ ಬೇಡ.

ಕಳ್ಳ ಪೂರ್ತಿ ಅಟ್ಟಿ ಎತ್ತಿಕೊಂಡು ಓಡುತ್ತಾನೆ ಅಂದುಕೊಂಡಿದ್ದರೆ ಅದನ್ನು ಮರೆತುಬಿಡಿ. ಅವನಿಗೆ ಬೇಕಾಗಿರೋದು ಒಂದೋ ಎರಡೋ ಚಿಪ್ಪು, ಅದೂ ದೊಡ್ಡ ಬೆಲೆಯದಲ್ಲ. ಯಾಕೆ ಅಂದರೆ ಚಿಪ್ಪಿನ ಮೇಲೆ ಯಾರ ಹೆಸರೂ ಇರಲ್ಲ, ಐನೂರರದ್ದೋ ಸಾವಿರದ್ದೋ ಚಿಪ್ಪನ್ನು ಕೌಂಟರಿಗೆ ಒಯ್ದರೆ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ದೊಡ್ಡ ಚಿಪ್ಪಿನ ಕಥೆ ಬೇರೆ. 2010ರ ಡಿಸೆಂಬರಿನಲ್ಲಿ ಲಾಸ್ ವೇಗಾಸ್‌ನ ಬೆಲಾಜಿಯೋಗೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ಬಂದು, ಪಿಸ್ತೂಲು ತೋರಿಸಿ, ಕ್ರ್ಯಾಪ್ಸ್ ಅನ್ನೋ ದಾಳದ ಆಟದ ಟೇಬಲಿನಿಂದ ಸುಮಾರು 15 ಲಕ್ಷ ಡಾಲರ್ ಬೆಲೆಯ ಚಿಪ್ಸ್ ಬಾಚಿಕೊಂಡು ಬೈಕಿನಲ್ಲಿ ಪರಾರಿಯಾದ. ಕ್ಯಾಸಿನೋ ಏನು ಮಾಡಿತು ಗೊತ್ತಾ? 25,000 ಡಾಲರಿನ ಆ ಚಿಪ್ಪುಗಳನ್ನೇ ರದ್ದು ಮಾಡುತ್ತೇವೆ, 2011ರ ಏಪ್ರಿಲ್ ಒಳಗೆ ತಂದು ದುಡ್ಡು ಮಾಡಿಕೊಳ್ಳಿ ಅಂದುಬಿಟ್ಟಿತು. ಅವನ್ನು ಮಾರಲು ಹೋಗಿಯೇ ಅವನು ಸಿಕ್ಕಿಬಿದ್ದ. ನಿಮ್ಮ ಐನೂರರ ಚಿಪ್ಪಿಗೆ ಅಷ್ಟೆಲ್ಲ ಯಾರು ಮಾಡುತ್ತಾರೆ ಹೇಳಿ!

ಅಮೆರಿಕದಲ್ಲಿರುವ ನಮ್ಮವರು ಹೇಳೋ ಪ್ರಕಾರ ಈ ಚಿಲ್ಲರೆ ಕಳ್ಳರಿಗೆ ಹೇಳಿ ಮಾಡಿಸಿದ ಜಾಗವೂ ಅದೇ ಕ್ರ್ಯಾಪ್ಸ್ ಟೇಬಲ್. ಎಲ್ಲರೂ ಒತ್ತಿಕೊಂಡು ನಿಂತಿರುತ್ತಾರೆ, ಚಿಪ್ಸ್ ಎದುರಿನ ಅಂಚಿನ ತೋಡಿನಲ್ಲಿ ಅಡ್ಡಡ್ಡ ಮಲಗಿರುತ್ತೆ, ದಾಳ ಎಸೆಯುವಾಗ ನಿಮ್ಮ ಕಣ್ಣು ಆ ತುದಿಗೆ, ಪಕ್ಕದವನ ಕೈ ಈ ತುದಿಗೆ. ಅಲ್ಲಿ ಆಡುವವರು ದೊಡ್ಡ ಚಿಪ್ಸನ್ನು ನಡುವೆ ಇಟ್ಟು ಎರಡೂ ತುದಿಗೆ ಚಿಲ್ಲರೆ ಇಡುತ್ತಾರೆ. ಕದ್ದರೂ ಚಿಲ್ಲರೆಯೇ ಹೋಗಲಿ ಅಂತ.

ಗೋವಾದಲ್ಲಿ ನನ್ನ ಅನುಭವ ರೂಲೆಟ್ ಟೇಬಲಿನದ್ದು, ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಗೆ ಬೀಳುತ್ತೆ ಅಂತ ಪಣ ಕಟ್ಟುವ ಆಟ. ಅಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಬೇರೆ ಬೇರೆ ಬಣ್ಣದ ಚಿಪ್ಸ್ ಕೊಡುತ್ತಾರೆ, ಯಾರದ್ದು ಯಾವುದು ಅನ್ನೋ ಗೊಂದಲ ಇರಬಾರದು ಅಂತ. ನಾನು ಸೋಮಾರಿ, ಒಂದೆರಡು ಆಟ ತಾನೇ ಅಂತ ಬೆಲೆ ಬರೆದ ಮಾಮೂಲಿ ಚಿಪ್ಪನ್ನೇ ಇಟ್ಟೆ. 17ರ ಮೇಲೆ ನೂರು ರೂಪಾಯಿ. ಅಷ್ಟರಲ್ಲಿ ಹುಡುಗ ಬಿಸಿಬಿಸಿ ಪನೀರ್ ಟಿಕ್ಕಾ ತಂದ, ನಾನು ಆ ಕಡೆ ತಿರುಗಿದೆ. ಚೆಂಡು ಬಿದ್ದಿದ್ದು 17ಕ್ಕೇ! ಒಂದಕ್ಕೆ ಮೂವತ್ತೈದು, ಅಂದರೆ 3,500. ನಾನು ತಿರುಗುವುದರೊಳಗೆ ಎದುರಿನ ದಪ್ಪ ಉಂಗುರದ ಕೈಯೊಂದು ಚಾಚಿತ್ತು, "ಮೇರಾ ಹೈ" ಅಂತ. ಡೀಲರ್ ದುಡ್ಡು ಕೊಡದೆ ಕೈ ತಡೆದಳು. ಸೂಪರ್‌ವೈಸರ್ ಬಂದರು, ಫೋನಿನಲ್ಲಿ ಮೇಲೆ ಕ್ಯಾಮೆರಾ ನೋಡುವವರ ಹತ್ತಿರ ಮಾತಾಡಿದರು. ನಾಲ್ಕೈದು ನಿಮಿಷ ಟೇಬಲ್ ಸ್ತಬ್ಧ, ಎಲ್ಲರೂ ನನ್ನನ್ನೇ ಕಳ್ಳನ ಹಾಗೆ ನೋಡುತ್ತಿದ್ದರು. ಕೊನೆಗೆ ಮೇಲಿಂದ ಉತ್ತರ ಬಂತು, ಚಿಪ್ಪಿಟ್ಟ ಕೈ ನೀಲಿ ತೋಳಿನದ್ದು ಅಂತ. ನನ್ನ ಅಂಗಿ ನೀಲಿ. ಉಂಗುರದವರು "ಗಲತಿ ಹೋ ಗಯಾ" ಅಂತ ನಕ್ಕು ಬೇರೆ ಟೇಬಲಿಗೆ ಹೋದರು.

ಅಲ್ಲಿ ನನ್ನನ್ನು ಉಳಿಸಿದ್ದು ಇಷ್ಟೇ: ಡೀಲರ್ ಇನ್ನೂ ಟೇಬಲ್ ಮೇಲಿನ ಚಿಪ್ಸ್ ಬಾಚಿರಲಿಲ್ಲ, ನಾನು ತಕ್ಷಣ ಬಾಯಿ ಬಿಟ್ಟೆ. ನೀವೂ ಹಾಗೇ ಮಾಡಿ. ಅನುಮಾನ ಬಂದ ಕ್ಷಣ ಆಟ ನಿಲ್ಲಿಸಿ ಅಂತ ಡೀಲರಿಗೆ ಹೇಳಿ, ಸೂಪರ್‌ವೈಸರನ್ನು ಕರೆಸಿ. ಪಕ್ಕದವನ ಕೈ ಹಿಡಿದು ಎಳೆದಾಡಬೇಡಿ. ಎರಡು ಸುತ್ತು ಮುಗಿದ ಮೇಲೆ ಹೇಳಿದರೆ ಅವರು ಕೇಳಿಸಿಕೊಂಡರೂ ಅಷ್ಟಕ್ಕಷ್ಟೇ.

ಬಾತ್‌ರೂಮಿಗೆ ಹೋಗಬೇಕಾದರೆ? ರೂಲೆಟ್ ಇರಲಿ, ಬ್ಲ್ಯಾಕ್‌ಜ್ಯಾಕ್, ಅಂದರ್ ಬಾಹರ್‌ನಂಥ ಇಸ್ಪೀಟಾಟ ಇರಲಿ, ಚಿಪ್ಸ್ ಎತ್ತಿಕೊಂಡೇ ಹೋಗಿ. (ನಮ್ಮಲ್ಲಿ ಪೊಲೀಸ್ ದಾಳಿಯ ಸುದ್ದಿಯಲ್ಲಿ ಮಾತ್ರ ಓದುವ ಅಂದರ್ ಬಾಹರ್ ಅಲ್ಲಿ ಹಸಿರು ಬಟ್ಟೆ ಹಾಸಿಕೊಂಡು ಗತ್ತಿನಲ್ಲಿ ಕೂತಿರುತ್ತೆ.) ರೂಲೆಟ್ಟಿನ ಬಣ್ಣದ ಚಿಪ್ಸಿಗೆ ಆ ಟೇಬಲ್ ಬಿಟ್ಟರೆ ಬೆಲೆ ಇಲ್ಲ, ಏಳುವ ಮುಂಚೆ ಬೆಲೆಯ ಚಿಪ್ಸಿಗೆ ಬದಲಾಯಿಸಿಕೊಳ್ಳಿ. ಪೋಕರ್ ಒಂದೇ ತಿರುಗಾಮುರುಗಾ. ಅಲ್ಲಿ ಆಟದ ನಡುವೆ ಚಿಪ್ಸ್ ಜೇಬಿಗೆ ಹಾಕಿದರೆ ನಿಮ್ಮದೇ ತಪ್ಪು, ಟೇಬಲ್ ಮೇಲೇ ಇರಬೇಕು, ದೊಡ್ಡ ಚಿಪ್ಸ್ ಎಲ್ಲರಿಗೂ ಕಾಣುವ ಹಾಗೆ ಮುಂದೆ ಇರಬೇಕು. ಎದ್ದು ಹೋಗುವಾಗ ಡೀಲರಿಗೆ ಹೇಳಿ, ಲೆಕ್ಕ ನೆನಪಿಟ್ಟುಕೊಂಡು ಹೋಗಿ, ಬೇಕಿದ್ದರೆ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಫೋಟೋ ಮಾತ್ರ ತೆಗೆಯಲು ಹೋಗಬೇಡಿ, ಟೇಬಲ್ ಹತ್ತಿರ ಕ್ಯಾಮೆರಾ ಎತ್ತಿದರೆ ಬೈಯುತ್ತಾರೆ.

ಕುಡಿಯೋದು ಸಾಮಾನ್ಯವಾಗಿ ಪ್ರವೇಶದ ಪ್ಯಾಕೇಜಿನಲ್ಲೇ ಬರುತ್ತೆ. ಎಷ್ಟು ಕುಡೀಬೇಕು ಅಂತ ನಾನು ಹೇಳಲ್ಲ. ನಿಮ್ಮದಾಗಲಿ ಪಕ್ಕದವನದಾಗಲಿ, ಲೋಟ ಮಾತ್ರ ಚಿಪ್ಸ್ ಇರುವ ಕಡೆ ಇರಬಾರದು, ಅದನ್ನು ಎತ್ತಲು ಪಕ್ಕದವನ ಕೈ ನಿಮ್ಮ ಅಟ್ಟಿ ದಾಟಿ ಬರೋ ಹಾಗೆ ಆಗಬಾರದು.

ಇನ್ನು ನೀವು ನಾಲ್ಕು ಜನ ಅಂದಿರಿ. ದಯವಿಟ್ಟು ನಾಲ್ವರೂ ಒಂದೇ ಅಟ್ಟಿಯಿಂದ ಆಡಬೇಡಿ. ನಾನು ನೋಡಿದ ಜಗಳಗಳಲ್ಲಿ ಅರ್ಧ ಕಳ್ಳರದ್ದಲ್ಲ, ಗೆಳೆಯರದ್ದು. "ಎರಡು ಸಾವಿರ ತಗೊಂಡೆ, ವಾಪಸ್ ಇಟ್ಟೆ" ಅನ್ನೋ ಲೆಕ್ಕ ಅನಮೋಡ ಘಾಟಿ ಹತ್ತುವ ತನಕ ಕಾರಿನಲ್ಲಿ ನಡೀತಾನೇ ಇರುತ್ತೆ.

ಹೊರಡುವಾಗ ಚಿಪ್ಸ್ ದುಡ್ಡು ಮಾಡಿಕೊಂಡೇ ದೋಣಿ ಹತ್ತಿ. ಪಣಜಿಯಲ್ಲಿ ಟೇಬಲ್ ಆಟದ ಕ್ಯಾಸಿನೋಗಳು ಮಾಂಡೋವಿ ನದಿಯಲ್ಲಿ ನಿಂತ ಹಡಗಿನಲ್ಲಿವೆ, ದಡಕ್ಕೆ ಬರೋದು ಚಿಕ್ಕ ದೋಣಿಯಲ್ಲಿ, ರಾತ್ರಿ ಎರಡು ಗಂಟೆಗೆ ಆ ಇಕ್ಕಟ್ಟಿನಲ್ಲಿ ಯಾರ ಮೈ ಯಾರಿಗೆ ತಾಗುತ್ತೋ. ಜೇಬಲ್ಲೇ ಉಳಿದ ಚಿಪ್ಪಿಗೆ ಬೆಳಿಗ್ಗೆ ಮತ್ತೆ ಅದೇ ಹಡಗಿಗೆ ಹೋಗಬೇಕು.