ಥರ್ಮೋಸ್ಟಾಟ್ ಕಿತ್ತು ಹಾಕಿದ ಕಾರು ಬೆಟ್ಟದಲ್ಲಿ ಯಾಕೆ ಹೀಟ್ ಆಯಿತು?

ಥರ್ಮೋಸ್ಟಾಟ್ ಪಾಠ ನನಗೆ ಪುಸ್ತಕದಲ್ಲಿ ತಲೆಗೆ ಹತ್ತಲಿಲ್ಲ, ಚಿಕ್ಕಪ್ಪನ ಹಳೇ ಕಾರಿನಲ್ಲಿ ಹತ್ತಿತು. ಮೈಸೂರು ಬಿಟ್ಟು ಬೆಂಗಳೂರು ಹೈವೇ ಹಿಡಿದರೆ ಮಂಡ್ಯ ದಾಟಿದರೂ ಟೆಂಪರೇಚರ್ ಮುಳ್ಳು ಮೇಲೇಳುತ್ತಿರಲಿಲ್ಲ. ಅದೇ ಕಾರು ಐದು ಜನರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿದರೆ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಥರ್ಮೋಸ್ಟಾಟೇ ಇಲ್ಲ. ಹಿಂದೆ ಯಾರೋ ಮೆಕ್ಯಾನಿಕ್ "ನಮ್ಮ ಬಿಸಿಲಿಗೆ ಇದೆಲ್ಲ ಬೇಡ" ಅಂತ ತೆಗೆದು ಹಾಕಿದ್ದರು.

ಈ ಭಾಗ ಏನು ಮಾಡುತ್ತದೆ ಅಂತ ಮೊದಲು ನೋಡೋಣ. ಒಂದು ಸಣ್ಣ ತಾಮ್ರದ ಅಥವಾ ಹಿತ್ತಾಳೆಯ ಡಬ್ಬಿ, ಅದರೊಳಗೆ ಮೇಣ. ಕೂಲೆಂಟ್, ಅಂದರೆ ಇಂಜಿನ್ ಒಳಗೆ ಸುತ್ತಿ ಅದರ ಬಿಸಿ ಹೊರುವ ನೀರು, ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ಒತ್ತುತ್ತದೆ, ಆಗ ವಾಲ್ವ್ ತೆರೆದು ಆ ನೀರು ಗಾಳಿಗೆ ತಣ್ಣಗಾಗಲು ರೇಡಿಯೇಟರ್‌ಗೆ ಹೋಗುತ್ತದೆ. ತಣ್ಣಗಾದರೆ ಸ್ಪ್ರಿಂಗ್ ವಾಲ್ವನ್ನು ಮತ್ತೆ ಮುಚ್ಚುತ್ತದೆ. ಕರೆಂಟ್ ಬೇಡ, ವೈರ್ ಬೇಡ. ಅದರ ಮೇಲೆ 82 ಅಥವಾ 88 ಅಂತ ಕೊರೆದಿರುತ್ತಾರೆ, ಅದು ತೆರೆಯಲು ಶುರುವಾಗುವ ಡಿಗ್ರಿ. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು.

ಅಂದರೆ ಇದು ಇಂಜಿನ್ ತಣ್ಣಗಿಡುವ ಸಾಮಾನು ಮಾತ್ರ ಅಲ್ಲ, ಇಂಜಿನ್‌ಗೆ ಬೇಕಾದ ಬಿಸಿಯನ್ನು ಕಾಯುವ ಸಾಮಾನು. ತಣ್ಣಗಿನ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಪೂರ್ತಿ ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿದು ಅದನ್ನು ತೆಳು ಮಾಡುತ್ತದೆ, ಸವೆತವೂ ಹೆಚ್ಚುತ್ತದೆ. ಹೈವೇಯಲ್ಲಿ ಎದುರು ಗಾಳಿ ರೇಡಿಯೇಟರ್‌ಗೆ ಚೆನ್ನಾಗಿ ಹೊಡೆಯುವಾಗ ಮುಳ್ಳು ಯಾಕೆ ಏಳುತ್ತಿರಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ: ತಡೆಯುವ ವಾಲ್ವ್ ಇಲ್ಲದೆ ನೀರು ಸದಾ ರೇಡಿಯೇಟರ್‌ಗೆ ಹೋಗುತ್ತಿತ್ತು. ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡ ಕಾರಿನಲ್ಲೂ ಇದೇ ಲಕ್ಷಣ.

ಬೆಟ್ಟದಲ್ಲಿ ಹೀಟ್ ಆಗಿದ್ದೇ ನನ್ನ ತಲೆ ತಿಂದದ್ದು. ವಾಲ್ವ್ ಮುಚ್ಚಿರುವಾಗ ನೀರು ನಿಂತುಬಿಡಬಾರದು ಅಂತ ಇಂಜಿನ್ನಿನಲ್ಲಿ ಬೈಪಾಸ್ ಎಂಬ ಅಡ್ಡದಾರಿ ಇರುತ್ತದೆ, ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಎಷ್ಟೋ ಥರ್ಮೋಸ್ಟಾಟ್‌ಗಳ ಅಡಿಯಲ್ಲಿ ಇನ್ನೊಂದು ಸಣ್ಣ ತಟ್ಟೆ ಇದೆ. ಮೇಲಿನ ವಾಲ್ವ್ ತೆರೆದ ಹಾಗೆ ಈ ತಟ್ಟೆ ಕೆಳಗಿಳಿದು ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟ್ ಕಿತ್ತರೆ ತಟ್ಟೆಯೂ ಹೋಯಿತು, ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಭಾರ ಹೊತ್ತು ಏರು ಹತ್ತುವಾಗ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ನೋಡದೆಯೇ ಮತ್ತೆ ಇಂಜಿನ್‌ಗೆ ವಾಪಸ್. ಹೀಟ್ ಆಗದೆ ಇರುತ್ತದಾ? ಎಲ್ಲಾ ಇಂಜಿನ್‌ಗಳ ರಚನೆ ಹೀಗಿಲ್ಲ, ಆದರೆ ಚಿಕ್ಕಪ್ಪನ ಕಾರಿನದು ಹೀಗೇ ಇತ್ತು.

ಮುಚ್ಚಿಯೇ ಸಿಕ್ಕಿಕೊಂಡರೆ ಅಪಾಯ ಇನ್ನೂ ಜಾಸ್ತಿ. ಮುಳ್ಳು ಸರಸರ ಏರುತ್ತದೆ, ಆದರೆ ರೇಡಿಯೇಟರ್ ತಣ್ಣಗೇ ಇರುತ್ತದೆ. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲ್) ಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗೆ ಒತ್ತಡ ಇರುತ್ತದೆ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಹೊಸದನ್ನು ಹಾಕುವ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿದೆವು. ಹಳೇ ಪಾತ್ರೆಯಲ್ಲಿ ನೀರು, ದಾರದಲ್ಲಿ ಕಟ್ಟಿ ಇಳಿಬಿಟ್ಟ ಥರ್ಮೋಸ್ಟಾಟ್, ತಳಕ್ಕೆ ತಾಗದ ಹಾಗೆ, ಪಕ್ಕದಲ್ಲಿ ಥರ್ಮಾಮೀಟರ್. ವಾಲ್ವಿನ ಸಂದಿಯಲ್ಲಿ ದಾರ ಸಿಕ್ಕಿಸಿ ಮುಚ್ಚಿದ್ದರೆ, ಬಾಯಿ ಬಿಟ್ಟ ಕೂಡಲೇ ದಾರ ಜಾರಿ ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ, ಆ ಕ್ಷಣದ ಡಿಗ್ರಿ ಬರೆದುಕೊಳ್ಳಬೇಕು. ಇಲ್ಲಿ ಒಂದು ವಿಷಯ ನೆನಪಿಡಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ, ಇಲ್ಲಿ ನೀರು 100ಕ್ಕೆ ಅಲ್ಲ, 97 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಹಾಗಾಗಿ 88ರದ್ದು ಕುದಿಯುವ ನೀರಲ್ಲೂ ಪೂರ್ತಿ ತೆರೆಯದಿದ್ದರೆ ಕೆಟ್ಟಿದೆ ಅಂತ ಸುಮ್ನೆ ಎಸೆಯಬೇಡಿ. ಯಾವಾಗ ತೆರೆಯಲು ಶುರುವಾಯಿತು, ತಣ್ಣಗಾದ ಮೇಲೆ ಸಂದಿಯಿಲ್ಲದೆ ಮುಚ್ಚಿತಾ, ಅದನ್ನು ನೋಡಿ.

ಕೂರಿಸುವಾಗ ಮೇಣದ ಡಬ್ಬಿ ಇಂಜಿನ್ ಕಡೆಗೆ ಬರಬೇಕು. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಸಾಮಾನ್ಯವಾಗಿ ಮೇಲ್ಗಡೆ ಇರಬೇಕು, ಗಾಳಿ ಅಲ್ಲಿಂದಲೇ ಹೊರಗೆ ಹೋಗೋದು. ರಬ್ಬರ್ ರಿಂಗ್ ಹಳೆಯದನ್ನೇ ಹಾಕಬೇಡಿ.

ನಮ್ಮ ಮಂಡ್ಯ ಕಡೆಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಲ್ವಾ, ಬಿಳಿ ಪದರ? ಅದೇ ಪದರ ರೇಡಿಯೇಟರ್ ನಾಳದಲ್ಲೂ ಥರ್ಮೋಸ್ಟಾಟ್ ಮೇಲೂ ಕೂರುತ್ತದೆ, ವಾಲ್ವ್ ಸಿಕ್ಕಿಕೊಳ್ಳುತ್ತದೆ. ಡಿಸ್ಟಿಲ್ಡ್ ನೀರು ಅರ್ಧ, ಕೂಲೆಂಟ್ ಅರ್ಧ, ಇಲ್ಲವೇ ಬೆರೆಸಿಯೇ ಬರುವ ಕೂಲೆಂಟ್ ಹಾಕಿ. ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ. ತುಂಬಿದ ಮೇಲೆ ಗಾಳಿ ಹೋಗುವವರೆಗೆ ಇಂಜಿನ್ ಓಡಿಸಿದೆವು. ಮೇಲಿನ ಹೋಸ್ ಮುಟ್ಟುತ್ತಾ ಕಾದೆವು, ಬಹಳ ಹೊತ್ತು ತಣ್ಣಗಿದ್ದದ್ದು ಒಮ್ಮೆಗೇ ಬಿಸಿಯಾಯಿತು, ವಾಲ್ವ್ ತೆರೆಯಿತು. ಮರುದಿನ ಬೆಳಗ್ಗೆ ತಣ್ಣಗಿದ್ದಾಗ ಕ್ಯಾಪ್ ತೆಗೆದು ನೋಡಿದರೆ ಮಟ್ಟ ಎರಡು ಬೆರಳು ಇಳಿದಿತ್ತು, ಅಷ್ಟು ತುಂಬಿಸಿ ಬೆಟ್ಟದ ಕಡೆ ಹೊರಟೆವು.