ದಮ್ಮು ಬಂದಿದೆ, ಮೂಳೆಗೆ ಇನ್ನೂ ಟೈಮ್ ಬೇಕು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟೆವಿಸ್ ಕಪ್ ಎಂಬ ಕುದುರೆ ಸವಾರಿ ನಡೆಯುತ್ತದೆ. 1955ರಲ್ಲಿ ವೆಂಡೆಲ್ ರೋಬಿ ಎಂಬಾತ ಶುರು ಮಾಡಿದ್ದು. ಸಿಯೆರಾ ನೆವಾಡಾ ಬೆಟ್ಟಗಳನ್ನು ಹತ್ತಿಳಿದು ಆಬರ್ನ್ ಊರು ಸೇರಲು 160 ಕಿ.ಮೀ. ದಾರಿ, 24 ಗಂಟೆ ಗಡುವು. ತಲುಪಿದರಷ್ಟೇ ಸಾಲದು. ಕುದುರೆ ಇನ್ನೂ ಮುಂದೆ ಹೋಗುವ ಸ್ಥಿತಿಯಲ್ಲಿದೆ ಎಂದು ಪಶುವೈದ್ಯರು ಒಪ್ಪಬೇಕು. ಹೊರಟವುಗಳಲ್ಲಿ ಸುಮಾರು ಅರ್ಧ ಮಾತ್ರ ಈ ಪರೀಕ್ಷೆ ದಾಟುತ್ತವೆ.

ಇಂಥ ಸವಾರಿಗೆ ಕುದುರೆಯನ್ನು ಪಳಗಿಸುವವರಿಗೆ ಸೋಮಾರಿ ಕುದುರೆಗಿಂತ ಹುರುಪಿನ ಕುದುರೆಯೇ ಜಾಸ್ತಿ ತಲೆನೋವು. ಯಾಕೆಂದರೆ ಅದರ ದಮ್ಮು ಹುಟ್ಟಿನಿಂದಲೇ ಬಂದದ್ದು. ಸುಮ್ಮನೆ ನಿಂತಾಗ ನಿಮಿಷಕ್ಕೆ 30-40 ಸಲ ಬಡಿಯುವ ಎದೆ, ನಾಗಾಲೋಟದಲ್ಲಿ 220 ದಾಟುತ್ತದೆ. ಅದರ ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಎಂಬ ಅಂಗ, ಆಮ್ಲಜನಕ ಹೊರುವ ಕೆಂಪು ರಕ್ತಕಣಗಳ ಗೋದಾಮು. ಓಟ ಶುರುವಾದರೆ ಗುಲ್ಮ ಹಿಂಡಿಕೊಂಡು ಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ರಕ್ತದಲ್ಲಿ ಶೇ. 40ರ ಆಸುಪಾಸಿನಲ್ಲಿದ್ದ ಅವುಗಳ ಪಾಲು ಶೇ. 60 ದಾಟುತ್ತದೆ. ಕೆಲವು ಕ್ರೀಡಾಪಟುಗಳು ಕೆಂಪುಕಣ ಹೆಚ್ಚಿಸಿಕೊಳ್ಳಲು ಕದ್ದುಮುಚ್ಚಿ ಮಾಡುವ ರಕ್ತದ ಡೋಪಿಂಗ್ ಇದಕ್ಕೆ ಪುಕ್ಕಟೆ!

ಆದರೆ ಕಾಲಿನ ಕಥೆ ಬೇರೆ. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೇ ಇಲ್ಲ ಎನ್ನಬಹುದು. ಇರುವುದು ಮೂಳೆ ಮತ್ತು ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ರಜ್ಜುಗಳಿಗೆ ರಕ್ತ ಹರಿಯುವುದು ಕಡಿಮೆ. ಜೋರಾಗಿ ಓಡುವಾಗ ಅವುಗಳ ಒಳಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯಾಗುತ್ತದೆ. ಹೃದಯ ಕೆಲವೇ ವಾರಗಳಲ್ಲಿ ಸುಧಾರಿಸಿದರೆ, ಮಾಂಸಖಂಡಕ್ಕೆ ತಿಂಗಳುಗಳು ಬೇಕು, ರಜ್ಜುಗಳಿಗೆ ಇನ್ನೂ ಹೆಚ್ಚು. ಮೂಳೆಯಂತೂ ಹೊಸ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುವ ಮೊದಲು ಹಳೆಯದನ್ನು ಕರಗಿಸುತ್ತದೆ. ಆ ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತಲೂ ದುರ್ಬಲ. ಸವಾರನಿಗೆ ಕಾಣುವುದು ಮಾತ್ರ ಉಸಿರು ಕಟ್ಟದೆ ಓಡುತ್ತಿರುವ ಕುದುರೆ!

ಹಾಗಾಗಿ ಮೊದಲ ತಿಂಗಳುಗಳೆಲ್ಲ ನಡಿಗೆ ಮತ್ತು ಕುಕ್ಕುಲೋಟ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ). ದೂರ ಹೆಚ್ಚಿಸಿದಾಗ ವೇಗ ಹೆಚ್ಚಿಸುವುದಿಲ್ಲ. ದಮ್ಮು ಬೆಳೆಸಲು ವೇಗಕ್ಕಿಂತ ಏರುದಾರಿಯೇ ವಾಸಿ. ರಜೆಯ ದಿನವನ್ನೂ ತಾಲೀಮಿನ ಲೆಕ್ಕಕ್ಕೇ ಹಾಕಬೇಕು, ರಿಪೇರಿ ನಡೆಯುವುದು ಆಗಲೇ. 160 ಕಿ.ಮೀ.ಗೆ ಸಿದ್ಧವಾಗಲು ಎರಡು ಮೂರು ವರ್ಷ ಹಿಡಿಯುವುದುಂಟು. ಟೆವಿಸ್‌ಗೆ ಆರು ವರ್ಷ ತುಂಬದ ಕುದುರೆಯನ್ನು ಸೇರಿಸುವುದೇ ಇಲ್ಲ.

ದಾರಿಯ ತಪಾಸಣೆಗಳಲ್ಲಿ ಎದೆಬಡಿತ ಬೇಗ 60-64ರ ಆಸುಪಾಸಿಗೆ ಇಳಿಯಬೇಕು. ವೈದ್ಯರು ಇನ್ನೊಂದು ಉಪಾಯವನ್ನೂ ಬಳಸುತ್ತಾರೆ. ಬಡಿತ ಎಣಿಸಿ, ಸ್ವಲ್ಪ ದೂರ ಕುಕ್ಕುಲೋಟ ಓಡಿಸಿ, ಓಟ ಶುರುವಾಗಿ ಒಂದು ನಿಮಿಷವಾದ ಮೇಲೆ ಮತ್ತೆ ಎಣಿಸುತ್ತಾರೆ. ಬಡಿತ ಮೊದಲಿಗಿಂತ ಜಾಸ್ತಿಯೇ ಇದ್ದರೆ ಕುದುರೆ ಬಳಲಿರಬಹುದು, ಎಲ್ಲೋ ನೋವಿರಬಹುದು, ಅಥವಾ ನೀರು ಕಡಿಮೆಯಾಗಿರಬಹುದು.

ಈ ನೀರಿನ ವಿಷಯ ಸ್ವಲ್ಪ ವಿಚಿತ್ರ. ಬಿಸಿಲಲ್ಲಿ ಕುದುರೆ ಗಂಟೆಗೆ 10-15 ಲೀಟರ್ ಬೆವರಬಲ್ಲದು. ನಮ್ಮ ಬೆವರಿನಲ್ಲಿ ಉಪ್ಪು ರಕ್ತದಲ್ಲಿರುವುದಕ್ಕಿಂತ ಕಡಿಮೆ. ಬೆವರಿದಷ್ಟೂ ರಕ್ತ ಉಪ್ಪಾಗಿ ಬಾಯಾರಿಕೆ ಆಗುತ್ತದೆ. ಕುದುರೆಯ ಬೆವರು ರಕ್ತದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಪ್ಪು. ನೀರಿನ ಜೊತೆ ಉಪ್ಪೂ ಹೋಗುವುದರಿಂದ ಬಾಯಾರಿಕೆಯ ಗಂಟೆ ಬೇಗ ಬಾರಿಸುವುದಿಲ್ಲ. ಮೈ ಒಣಗಿದ್ದರೂ ಅದು ತೊರೆಗೆ ಬಾಯಿ ಹಾಕದೆ ದಾಟಿಬಿಡಬಹುದು. ಅದಕ್ಕೇ ಸಿಕ್ಕಲ್ಲೆಲ್ಲ ನಿಂತು ಕುಡಿಯುವುದನ್ನು ತಾಲೀಮಿನಲ್ಲೇ ರೂಢಿ ಮಾಡಿಸುತ್ತಾರೆ. ಲವಣಗಳನ್ನು ಕೊಡುವುದು ನೀರು ಕುಡಿದ ಮೇಲೆಯೇ. ಬರಿ ಉಪ್ಪು ತಿನ್ನಿಸಿದರೆ ಅದು ಮೈಯಲ್ಲಿ ಉಳಿದಿರುವ ನೀರನ್ನೂ ಕರುಳಿಗೆ ಎಳೆದುಕೊಳ್ಳುತ್ತದೆ.