ಮರ ಸವರುವ ಕೆಲಸಕ್ಕೆ ರೇಟು ಹೇಳುವುದು ಹೇಗೆ?

ಪ್ರಶ್ನೆ: ಮನೆಗಳ ಅಂಗಳದ ಮರ ಸವರುವ ಕೆಲಸ ಹಿಡಿಯುತ್ತೇನೆ. ಮರ ನೋಡಿ ಅಂದಾಜಿನ ಮೇಲೆ ಒಂದು ಮೊತ್ತ ಹೇಳುತ್ತೇನೆ. ಒಮ್ಮೊಮ್ಮೆ ಕೆಲಸ ಬೇರೆಯವರ ಪಾಲಾಗುತ್ತದೆ. ನನಗೇ ಸಿಕ್ಕಿದಾಗ ಕೂಲಿ, ಗಾಡಿ ಬಾಡಿಗೆ ಕೊಟ್ಟ ಮೇಲೆ ಏನೂ ಉಳಿಯುವುದಿಲ್ಲ. ಎತ್ತರಕ್ಕೆ ಇಷ್ಟು, ಕೊಂಬೆಗೆ ಇಷ್ಟು ಎಂಬ ಲೆಕ್ಕ ಇದೆಯೇ?

ಉತ್ತರ: ಅಂಥ ಲೆಕ್ಕ ಹಾಕುವವರಿದ್ದಾರೆ, ಆದರೆ ಅದನ್ನು ನಂಬಬೇಡಿ. 12 ಮೀಟರ್ ಎತ್ತರದ ಎರಡು ಮರಗಳಲ್ಲಿ ಒಂದು ಬಯಲಲ್ಲಿದ್ದು ಇನ್ನೊಂದು ಮನೆಯ ಸೂರಿನ ಮೇಲೆ ಬಾಗಿದ್ದರೆ, ಎರಡನೆಯದು ದುಪ್ಪಟ್ಟಿಗಿಂತ ಹೆಚ್ಚು ಹೊತ್ತು ತಿನ್ನಬಹುದು. ನೀವು ಮಾರುತ್ತಿರುವುದು ಆಳು-ಗಂಟೆ, ಅಂದರೆ ಒಬ್ಬ ಆಳಿನ ಒಂದು ಗಂಟೆಯ ಕೆಲಸ. ಮರದ ಮುಂದೆ ನಿಂತು ಎಣಿಸಬೇಕಾದದ್ದು ಎಷ್ಟು ಕಡಿತ, ಪ್ರತಿ ತುಂಡು ಕೆಳಗೆ ಬರುವುದು ಹೇಗೆ, ಗಾಡಿಯವರೆಗೆ ಎಷ್ಟು ದೂರ, ಕಸ ಕೊನೆಗೆ ಎಲ್ಲಿಗೆ ಎಂಬುದನ್ನು.

ಹೆಚ್ಚಿನ ನಷ್ಟ ಆಗುವುದು ನೆಲದ ಮೇಲೆ. ಅಂದಾಜು ಮಾಡುವವರ ಕಣ್ಣು ನೆತ್ತಿಯ ಕಡೆಗೇ ಇರುತ್ತದೆ, ಹತ್ತುವವನ ಹೊತ್ತನ್ನಷ್ಟೇ ಲೆಕ್ಕ ಹಾಕುತ್ತಾರೆ. ಕಡಿದ ಕೊಂಬೆಯನ್ನು ಎಳೆದು, ಕವಲು ಮುರಿದು, ಗಾಡಿಗೆ ತುಂಬಿ, ಕೊನೆಗೆ ಎಲೆ ಗುಡಿಸುವ ಕೆಲಸ ಎಷ್ಟೋ ಸಲ ಒಟ್ಟು ಹೊತ್ತಿನ ಅರ್ಧವನ್ನು ನುಂಗುತ್ತದೆ. ಮರದ ಬುಡದಿಂದ ಗಾಡಿ ನಿಲ್ಲುವ ಜಾಗಕ್ಕೆ ಹೆಜ್ಜೆ ಹಾಕಿ ಅಳೆಯಿರಿ. 30 ಮೀಟರ್ ಇದೆ, 40 ಹೊರೆ ಆಗುತ್ತದೆ ಎಂದುಕೊಳ್ಳಿ. ಹೋಗಿ ಬರಲು 60 ಮೀಟರ್, 40 ಸಲಕ್ಕೆ 2.4 ಕಿಲೋಮೀಟರ್. ಎತ್ತಿ ಇಳಿಸುವುದೂ ಸೇರಿ ಒಂದು ಸಲಕ್ಕೆ 2 ನಿಮಿಷ ಹಿಡಿದರೂ ಒಬ್ಬನ 80 ನಿಮಿಷ ನಡಿಗೆಯಲ್ಲೇ ಹೋಯಿತು. ಗೇಟು ಕಿರಿದಾಗಿದ್ದರೆ ಕವಲೊಡೆದ ಕೊಂಬೆ ಅದರಲ್ಲಿ ತೂರುವುದಿಲ್ಲ, ಅಂಗಳದಲ್ಲೇ ಮತ್ತೆ ಕತ್ತರಿಸಬೇಕು. ಗೇಟಿನ ಅಗಲ ಅಳೆಯದೆ ರೇಟು ಹೇಳಬೇಡಿ. ಇವೆಲ್ಲ ಫೋಟೊದಲ್ಲಿ ಕಾಣುವುದೇ ಇಲ್ಲವಾದ್ದರಿಂದ ಫೋನಿನಲ್ಲಿ ಮೊತ್ತ ಹೇಳದಿರುವುದೇ ಲೇಸು.

ಇನ್ನು ಮೇಲಿನ ಕೆಲಸ. ಕೊಂಬೆಗಳನ್ನು ಎರಡು ಗುಂಪು ಮಾಡಿ: ಹಾಗೇ ಬೀಳಿಸಬಹುದಾದವು, ಹಗ್ಗ ಕಟ್ಟಿ ಇಳಿಸಬೇಕಾದವು. ಕೆಳಗೆ ಬಯಲಿದ್ದರೆ 15 ಸೆಂ.ಮೀ. ದಪ್ಪದ ಕೊಂಬೆ ಕೆಲವೇ ನಿಮಿಷದ ಕೆಲಸ. ಅದೇ ಕೊಂಬೆ ಸೂರಿನ ಮೇಲಿದ್ದರೆ ತುಂಡು ತುಂಡಾಗಿ ಬರಬೇಕು. ಗಂಟು ಹಾಕಿ, ಕಡಿದು, ಇಳಿಸಿ, ಬಿಚ್ಚಿ, ಹಗ್ಗವನ್ನು ಮತ್ತೆ ಮೇಲಕ್ಕೆ ಕಳಿಸುವ ಒಂದು ಸುತ್ತಿಗೆ 6ರಿಂದ 10 ನಿಮಿಷ ಹಿಡಿಯಿರಿ. ಹಸಿ ಮರ ಜಾತಿಯನ್ನು ನೋಡಿಕೊಂಡು ಘನ ಮೀಟರಿಗೆ ಸರಿಸುಮಾರು 800ರಿಂದ 1,000 ಕೆ.ಜಿ. ತೂಗುತ್ತದೆ. ಅಂದರೆ 20 ಸೆಂ.ಮೀ. ದಪ್ಪ, 2 ಮೀಟರ್ ಉದ್ದದ ತುಂಡು 50ರಿಂದ 63 ಕೆ.ಜಿ. ಅದನ್ನು ಬರಿಗೈಯಲ್ಲಿ ಹಿಡಿದು ಇಳಿಸಲಾಗದು. ಹಗ್ಗವನ್ನು ಕಾಂಡಕ್ಕೆ ಸುತ್ತು ಹಾಕಿ ಇಳಿಸಬೇಕು, ಕೆಳಗೆ ಅದಕ್ಕೆಂದೇ ಒಬ್ಬ ಬೇಕು. ಹಗ್ಗ ಸಡಿಲವಿದ್ದು ತುಂಡು ಜಗ್ಗನೆ ಬಿದ್ದರೆ ಎಳೆತ ಅದರ ತೂಕದ ಹಲವು ಪಟ್ಟು ಆಗುತ್ತದೆ. ಆಗ ಸಣ್ಣ ತುಂಡು ಮಾಡುವುದೇ ದಾರಿ. ತುಂಡು ಸಣ್ಣದಾದಷ್ಟೂ ಸುತ್ತು ಹೆಚ್ಚು, ಹೊತ್ತೂ ಹೆಚ್ಚು.

ಮರದ ಸುತ್ತ ಒಂದು ಸುತ್ತು ನಿಧಾನವಾಗಿ ಬನ್ನಿ. ಬುಡದಲ್ಲಿ ಅಣಬೆ, ಟೊಳ್ಳು, ಬಿರುಕು, ಕವಲಿನ ಸಂದಿಯಲ್ಲಿ ಸೀಳು, ಜೇನು ಅಥವಾ ಕಣಜದ ಗೂಡು ಇದೆಯೇ ನೋಡಿ. ಕಾಂಡವನ್ನು ಮರದ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಹತ್ತಲು ನಂಬಿಕೆ ಬಾರದ ಮರಕ್ಕೆ ಎತ್ತುವ ಯಂತ್ರ ಬೇಕಾಗುತ್ತದೆ, ಅದರ ಬಾಡಿಗೆ ಬೇರೆಯೇ ಲೆಕ್ಕ. ವಿದ್ಯುತ್ ತಂತಿ 3 ಮೀಟರಿಗಿಂತ ಹತ್ತಿರದಲ್ಲಿದ್ದರೆ ವಿದ್ಯುತ್ ಸರಬರಾಜು ಮಾಡುವವರು ಲೈನ್ ಕಡಿತಗೊಳಿಸುವವರೆಗೆ ಕೆಲಸ ಶುರು ಮಾಡಬಾರದು. ಹೆಚ್ಚು ವೋಲ್ಟೇಜಿನ ಲೈನಿಗೆ ಈ ಅಂತರವೂ ಸಾಲದು. ಹೆಚ್ಚು ದುಡ್ಡು ಕೇಳಿದ ಮಾತ್ರಕ್ಕೆ ಈ ಅಪಾಯ ಕಡಿಮೆಯಾಗುವುದಿಲ್ಲ.

ಈಗ ಗಂಟೆಯ ಬೆಲೆ. ಹತ್ತುವವನ ಕೂಲಿ ಹೆಚ್ಚು, ಕೆಳಗಿನವರದು ಕಡಿಮೆ. ಮೂವರ ಸರಾಸರಿ ದಿನದ ಖರ್ಚನ್ನು ತಲೆಗೆ 100 ಎಂದಿಟ್ಟುಕೊಳ್ಳೋಣ (ಇದು ನಿಜವಾದ ಕೂಲಿಯಲ್ಲ, ಲೆಕ್ಕ ತೋರಿಸಲು ಇಟ್ಟ ಅಂಕಿ). ಬಹಳ ಜನ ಇದನ್ನು 8 ಗಂಟೆಯಿಂದ ಭಾಗಿಸಿ 12.5 ಎನ್ನುತ್ತಾರೆ. ಆದರೆ ಪ್ರಯಾಣ, ಊಟ, ಯಂತ್ರದ ಗರಗಸದ ಚೈನ್ ಹರಿತ ಮಾಡುವುದು, ಗಾಡಿ ಖಾಲಿ ಮಾಡುವುದು ಕಳೆದರೆ ಮರದ ಹತ್ತಿರ ನಿಜವಾಗಿ ಸಿಗುವುದು 6 ಗಂಟೆ. ಹಾಗಾಗಿ ಬೆಲೆ 16.7, ಅಂದರೆ ಮೂರನೇ ಒಂದು ಪಾಲು ಜಾಸ್ತಿ. (ಹೀಗೆ 6ರಿಂದ ಭಾಗಿಸಿದ ಮೇಲೆ ಪ್ರಯಾಣದ ಹೊತ್ತನ್ನು ಮತ್ತೆ ಬೇರೆಯಾಗಿ ಸೇರಿಸಬೇಡಿ, ಒಂದೇ ಖರ್ಚು ಎರಡು ಸಲ ಬರುತ್ತದೆ.)

ಒಂದು ಮರಕ್ಕೆ ಪೂರ್ತಿ ಲೆಕ್ಕ ಹಾಕೋಣ. ಸೂರಿನ ಮೇಲೆ ಎರಡು ಕೊಂಬೆ, ಬಯಲ ಕಡೆ ಮೂರು, ಜೊತೆಗೆ ಒಣ ಕೊಂಬೆ ತೆಗೆಯುವುದು. ಸಾಮಾನು ಇಳಿಸಿ ಜಾಗ ಸಿದ್ಧ ಮಾಡಲು 30 ನಿಮಿಷ, ಹಗ್ಗ ಹಾಕಿ ಹತ್ತಲು 30. ಸೂರಿನ ಕಡೆ 12 ತುಂಡು, ತಲಾ 8 ನಿಮಿಷದಂತೆ 96. ಬಯಲ ಕಡೆ 30, ಒಣ ಕೊಂಬೆಗೆ 35. ಕಡಿತ ಮುಗಿದ ಮೇಲೆ ಉಳಿದ ಸೊಪ್ಪು ಸಾಗಿಸಲು 60, ಗುಡಿಸಿ ಸಾಮಾನು ಕಟ್ಟಲು 40. ಒಟ್ಟು 321 ನಿಮಿಷ. ಮೂವರಿಗೆ ಸುಮಾರು 16 ಆಳು-ಗಂಟೆ. ಹೆಚ್ಚುಕಡಿಮೆಗೆ ಎರಡು ಗಂಟೆ ಸೇರಿಸಿ 18. ಆಳಿನ ಖರ್ಚು 300. ಇಂಧನ, ಚೈನ್, ಹಗ್ಗದ ಸವೆತ, ಗಾಡಿ, ಕಸ ಹಾಕುವ ಶುಲ್ಕ ಸೇರಿ 60 ಎನ್ನಿ. ವಿಮೆ, ಫೋನು, ರಿಪೇರಿ, ರೇಟು ಹೇಳಲು ಅಲೆದಾಡುವ ಖರ್ಚು ಇತ್ಯಾದಿಯ ವರ್ಷದ ಮೊತ್ತವನ್ನು ವರ್ಷದ ಕೆಲಸದ ದಿನಗಳಿಂದ ಭಾಗಿಸಿದಾಗ ದಿನಕ್ಕೆ 50 ಬಂತು ಎನ್ನಿ. ಅಸಲು 410. ಬೆಲೆಯ ಶೇ 20 ಲಾಭವಾಗಿ ಉಳಿಯಬೇಕಾದರೆ 410ಕ್ಕೆ ಶೇ 20 ಕೂಡಿಸಿದರೆ ಸಾಲದು, 0.8ರಿಂದ ಭಾಗಿಸಬೇಕು. ಕೂಡಿಸಿದರೆ ಬರುವುದು 492, ಭಾಗಿಸಿದರೆ 513. "ಮೂರು ಜನರ ಕೂಲಿ, ಮೇಲೆ ಸ್ವಲ್ಪ" ಎಂದು 400 ಹೇಳಿದವರು ಕೆಲಸ ಶುರುವಾಗುವ ಮೊದಲೇ ಅಸಲಿನಲ್ಲಿ 10 ಕಳೆದುಕೊಂಡಿರುತ್ತಾರೆ.

ಮಳೆ ಬಂದು ಕೆಲಸ ಅರ್ಧಕ್ಕೆ ನಿಂತರೆ ಎರಡನೇ ಸಲ ಹೋಗಿ ಬರುವ ಖರ್ಚನ್ನೂ ಈ ಲಾಭವೇ ಹೊರಬೇಕು. ಅದಕ್ಕೇ ಲಾಭವನ್ನು ತೀರಾ ತೆಳ್ಳಗೆ ಇಡಬಾರದು.

ಲೆಕ್ಕ ಸರಿಯಿದ್ದರೂ ಕೊಟೇಶನ್ನಿನ ಮಾತು ಸಡಿಲವಾಗಿದ್ದರೆ ದುಡ್ಡು ಸೋರುತ್ತದೆ. "ಮರ ಸವರಿ ಕ್ಲೀನ್ ಮಾಡಿಕೊಡುವುದು" ಎಂದು ಬರೆದರೆ, ಸಂಜೆ ಮನೆಯವರು "ಆ ಕೊಂಬೆ ಯಾಕೆ ಬಿಟ್ಟಿರಿ?" ಎಂದು ಕೇಳಿದಾಗ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಮರದ ಮೇಲೆ ಅಳೆದು ತೋರಿಸಬಹುದಾದ ಮಾತು ಬರೆಯಿರಿ: "ಹಿತ್ತಿಲ ಎಡಮೂಲೆಯ ಮರ. ಸೂರಿನಿಂದ 2 ಮೀಟರ್ ಅಂತರ ಬರುವಂತೆ ಮನೆಯ ಕಡೆಯ 2 ಕೊಂಬೆಗಳನ್ನು ಹಿಂದಿನ ಕವಲಿನವರೆಗೆ ಕಡಿಯುವುದು. ಬಯಲ ಕಡೆ ಗುರುತು ಹಾಕಿದ 3 ಕೊಂಬೆ ತೆಗೆಯುವುದು. 5 ಸೆಂ.ಮೀ.ಗಿಂತ ದಪ್ಪದ ಒಣ ಕೊಂಬೆಗಳೆಲ್ಲ. ಹಸಿರು ಭಾಗದಲ್ಲಿ ಶೇ 15ಕ್ಕಿಂತ ಹೆಚ್ಚು ತೆಗೆಯುವುದಿಲ್ಲ. 10 ಸೆಂ.ಮೀ.ಗಿಂತ ದಪ್ಪದ ದಿಮ್ಮಿಯನ್ನು 40 ಸೆಂ.ಮೀ. ತುಂಡು ಮಾಡಿ ಗೇಟಿನ ಬಳಿ ಜೋಡಿಸುವುದು, ಉಳಿದ ಸೊಪ್ಪು ಸಾಗಿಸುವುದು." ಅನುಮತಿ ಬೇಕಾದರೆ ತರುವವರು ಯಾರು, ಹೆಚ್ಚುವರಿ ಕೆಲಸಕ್ಕೆ ಆಳು-ಗಂಟೆಗೆ ಎಷ್ಟು, ಈ ಬೆಲೆ ಎಷ್ಟು ದಿನ ಊರ್ಜಿತ ಎಂಬುದೂ ಇರಲಿ. ಮೊದಲೇ ಒಡೆದ ಹೆಂಚು, ಬಿರುಕು ಬಿಟ್ಟ ಗೋಡೆಯ ಫೋಟೊ ತೆಗೆದು ಅವರಿಗೇ ಕಳಿಸಿಬಿಡಿ.

ಕೆಲಸ ಕೈತಪ್ಪುವುದು ಬಹುತೇಕ "ನೆತ್ತಿ ಬೋಳಿಸುತ್ತೇವೆ" ಎನ್ನುವವರ ಕಡಿಮೆ ರೇಟಿಗೆ. ಅದು ಅಗ್ಗವೇ, ಏಕೆಂದರೆ ನಾಲ್ಕಾರು ದೊಡ್ಡ ಕಡಿತದಲ್ಲಿ ಮುಗಿಯುತ್ತದೆ. ಆದರೆ ಮೊಂಡು ತುದಿಗಳಿಂದ ಚಿಗುರು ಗುಂಪುಗುಂಪಾಗಿ, ತೊಗಟೆಯ ಪಕ್ಕದ ಮೇಲ್ಪದರಕ್ಕಷ್ಟೇ ಅಂಟಿಕೊಂಡು ಏಳುತ್ತದೆ. ಅವು ದಪ್ಪವಾದಾಗ ಗಾಳಿಗೆ ಸಲೀಸಾಗಿ ಕಿತ್ತು ಬರುತ್ತವೆ, ಕಡಿದ ಜಾಗದಿಂದ ಕೊಳೆ ಒಳಗಿಳಿಯುತ್ತದೆ. ಸರಿಯಾದ ಸವರುವಿಕೆಯಲ್ಲಿ, ತೆಗೆದ ಕೊಂಬೆಯ ಮೂರನೇ ಒಂದು ಪಾಲಾದರೂ ದಪ್ಪವಿರುವ ಕವಲಿಗೆ ತಂದು ಕಡಿಯುತ್ತಾರೆ. ಕೊಂಬೆಯನ್ನು ಪೂರ್ತಿ ತೆಗೆಯುವುದಾದರೆ ಅದು ಕಾಂಡಕ್ಕೆ ಸೇರುವಲ್ಲಿನ ಉಬ್ಬನ್ನು ಉಳಿಸಿ ಮೂರು ಕಡಿತದಲ್ಲಿ ತೆಗೆಯುತ್ತಾರೆ: ಮೊದಲು ಕೆಳಗಿನಿಂದ ಒಂದು ಗಾಯ, ಸ್ವಲ್ಪ ಆಚೆಗೆ ಮೇಲಿನಿಂದ ಕಡಿತ, ಆಮೇಲೆ ಮೊಂಡು ತೆಗೆಯುವುದು. ಇಲ್ಲದಿದ್ದರೆ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಸುಲಿದು ಬರುತ್ತದೆ. ಜೀವಂತ ಮರ ಸವರಲು ಕಾಂಡಕ್ಕೆ ಚುಚ್ಚುವ ಮುಳ್ಳಿನ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ಹತ್ತುವುದಿಲ್ಲ ಎಂಬುದನ್ನೂ ಕೊಟೇಶನ್ನಿನಲ್ಲಿ ಬರೆಯಿರಿ. ಎರಡು ಕಾಗದ ಪಕ್ಕಪಕ್ಕ ಇಟ್ಟಾಗ ಮನೆಯವರಿಗೆ ಬೆಲೆಯ ವ್ಯತ್ಯಾಸ ಎಲ್ಲಿಂದ ಬಂತೆಂದು ಕಾಣಬೇಕು.

ಚೌಕಾಸಿಗೆ ಬಂದರೆ ಗಂಟೆಯ ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. ದಿಮ್ಮಿ, ಸೊಪ್ಪು ಎರಡನ್ನೂ ಅಂಗಳದಲ್ಲೇ ಬಿಟ್ಟರೆ ಇಷ್ಟು ಕಡಿಮೆ, ಬಯಲ ಕಡೆಯ ಮೂರು ಕೊಂಬೆ ಮುಂದಿನ ವರ್ಷಕ್ಕೆ ಇಟ್ಟರೆ ಇನ್ನಷ್ಟು ಕಡಿಮೆ. ಪಕ್ಕದ ಮನೆಯ ಮರವೂ ಅದೇ ದಿನ ಸಿಕ್ಕಿದರೆ ಬಂದು ಹೋಗುವ, ಸಾಮಾನು ಇಳಿಸುವ ಹೊತ್ತು ಹಂಚಿಹೋಗುತ್ತದೆ, ಆಗ ರಿಯಾಯಿತಿ ಕೊಟ್ಟರೂ ನಷ್ಟವಿಲ್ಲ. ಒಂದೇ ಕೊಂಬೆಯ ಕೆಲಸಕ್ಕೂ ಅರ್ಧ ದಿನದ ಕನಿಷ್ಠ ಬೆಲೆ ಇರಲಿ. ಅಷ್ಟಕ್ಕೇ ಹೋಗಿ ಬಂದರೆ ಆ ದಿನ ಬೇರೆ ದೊಡ್ಡ ಕೆಲಸ ಹಿಡಿಯಲಾಗದು.

ಪ್ರತಿ ಕೆಲಸ ಮುಗಿದ ದಿನವೇ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಹೊತ್ತನ್ನು ಬರೆದಿಡಿ. ಒಟ್ಟು ಮಾತ್ರ ಬರೆದರೆ ಉಪಯೋಗವಿಲ್ಲ, ಹತ್ತುವುದು, ಇಳಿಸುವುದು, ಸಾಗಿಸುವುದು, ಗುಡಿಸುವುದು ಬೇರೆ ಬೇರೆಯಾಗಿರಲಿ. ನಾಲ್ಕೈದು ಕೆಲಸ ಕಳೆಯುವಷ್ಟರಲ್ಲಿ ನಿಮ್ಮ ಅಂದಾಜು ಯಾವ ಸಾಲಿನಲ್ಲಿ ಪ್ರತಿ ಸಲ ತಪ್ಪುತ್ತಿದೆ ಎಂಬುದು ಕಾಣುತ್ತದೆ. ಮುಂದಿನ ಕೊಟೇಶನ್ನಿನಲ್ಲಿ ತಿದ್ದಬೇಕಾದದ್ದು ಆ ಒಂದು ಸಾಲನ್ನು.